ಬಿದಿರಿನ ಫ್ಲೈ ರಾಡ್: ಕೊಳ್ಳುವ ಮುಂಚೆ, ಕೊಂಡ ಮೇಲೆ

ನನ್ನ ಮೇಜಿನ ಡ್ರಾಯರ್‌ನಲ್ಲಿ ಮೀನು ಹಿಡಿಯುವ ಹಳೇ ಬಿದಿರು ರಾಡಿನ ಮುರಿದ ತುಂಡೊಂದು ಇದೆ. ಬೆರಳುದ್ದ. ಸಣ್ಣ ಗರಗಸದಲ್ಲಿ ಅಡ್ಡಕ್ಕೆ ಕೊಯ್ದು, ಮರಳು ಕಾಗದದಲ್ಲಿ ಉಜ್ಜಿ ಇಟ್ಟುಕೊಂಡಿದ್ದೇನೆ. ಭೂತಗನ್ನಡಿ ಹಿಡಿದು ನೋಡಿದರೆ, ಮೂಸಂಬಿಯನ್ನು ಅಡ್ಡ ಕೊಯ್ದ ಹಾಗೆ ಆರು ತೊಳೆ ಕಾಣುತ್ತವೆ. ಆರೂ ಬಿದಿರಿನ ದಬ್ಬೆಗಳು, ಒಂದೊಂದೂ ತ್ರಿಕೋನ. ಹೊರ ಅಂಚಿನಲ್ಲಿ ನಾರು ಒತ್ತೊತ್ತಾಗಿ ಕಂದು ಚುಕ್ಕೆಗಳ ಹಾಗೆ ಕಾಣುತ್ತದೆ. ಒಳಗೆ ಹೋದಂತೆ ಚುಕ್ಕೆ ವಿರಳ. ಇಡೀ ತುಂಡಿನ ದಪ್ಪ ಎರಡು ಮಿಲಿಮೀಟರ್ ಚಿಲ್ಲರೆ. ಅಷ್ಟರೊಳಗೆ ಆರು ದಬ್ಬೆ!

ಬಿದಿರು ರಾಡಿಗೆ ಯಾಕೆ ಅಷ್ಟು ದುಡ್ಡು ಅಂತ ಕೇಳಿದವರಿಗೆ ನಾನು ಮೊದಲು ಈ ತುಂಡನ್ನೇ ತೋರಿಸುತ್ತೇನೆ.

ನಾನು ಮಲೆನಾಡಿನವನು. ಚಿಕ್ಕಂದಿನಲ್ಲಿ ಬಿದಿರಿನ ಗಳಕ್ಕೆ ದಾರ ಕಟ್ಟಿ, ಗಾಳಕ್ಕೆ ಎರೆಹುಳು ಚುಚ್ಚಿ ಹಳ್ಳದ ದಡದಲ್ಲಿ ಕೂರುತ್ತಿದ್ದೆ. ಈಗ ನ್ಯೂಯಾರ್ಕ್ ರಾಜ್ಯದಲ್ಲಿದ್ದೇನೆ. ಕ್ಯಾಟ್‌ಸ್ಕಿಲ್ ಬೆಟ್ಟಗಳ ಟ್ರೌಟ್ ಮೀನಿನ ಹೊಳೆಗಳು ಹತ್ತಿರ. ಇಲ್ಲಿನ ಕನ್ನಡದ ಗೆಳೆಯರು, ಆಗಾಗ ಬೆಂಗಳೂರಿನಿಂದಲೂ ಕೆಲವರು, ‘ಒಂದು ಬಿದಿರು ರಾಡ್ ತಗೋಬೇಕು, ಎಲ್ಲಿಂದ ಶುರು ಮಾಡಲಿ?’ ಅಂತ ಕೇಳುತ್ತಾರೆ. ಅವರಿಗೆ ಹೇಳಿದ್ದನ್ನೇ ಇಲ್ಲಿ ಕ್ರಮವಾಗಿ ಬರೆಯುತ್ತಿದ್ದೇನೆ.

ಹೆಜ್ಜೆ 1: ಮೊದಲು ಹೊಳೆ, ಆಮೇಲೆ ರಾಡ್

ಫ್ಲೈ ಅಂದರೆ ಕೊಕ್ಕೆಗೆ ಗರಿ, ತುಪ್ಪಳ, ದಾರ ಸುತ್ತಿ ಮಾಡಿದ ಹುಸಿ ಹುಳ. ಅದಕ್ಕೆ ತೂಕವೇ ಇಲ್ಲ, ಎಸೆದರೆ ಹೋಗುವುದಿಲ್ಲ. ಅದನ್ನು ಹೊತ್ತೊಯ್ಯುವುದು ದಪ್ಪನೆಯ ಲೈನ್. ಲೈನಿನ ತೂಕಕ್ಕೆ ರಾಡ್ ಬಾಗುತ್ತದೆ, ಬಾಗಿದ್ದು ಬಿಚ್ಚಿಕೊಂಡಾಗ ಲೈನ್ ಮುಂದಕ್ಕೆ ಹಾರುತ್ತದೆ. ಹಾಗಾಗಿ ಪ್ರತಿ ರಾಡಿಗೂ ಒಂದು ಲೈನ್ ನಂಬರ್ ಇರುತ್ತದೆ. 5 ನಂಬರ್ ಲೈನಿನ ಮೊದಲ 30 ಅಡಿ ಸುಮಾರು 9 ಗ್ರಾಂ ತೂಗುತ್ತದೆ.

ನೀವು ಮೀನು ಹಿಡಿಯುವ ನೀರು ಎಷ್ಟು ಅಗಲ ಅಂತ ಮೊದಲು ನೋಡಿ. ಮರಗಳು ತಲೆ ಮೇಲೆ ಬಾಗಿರುವ ಸಣ್ಣ ತೊರೆಗೆ ಆರೂವರೆ, ಏಳು ಅಡಿಯ 3 ಅಥವಾ 4 ನಂಬರ್ ಸಾಕು. ಬೀವರ್‌ಕಿಲ್, ವಿಲೋವೀಮಾಕ್ ತರಹದ ಮಧ್ಯಮ ಹೊಳೆಗೆ ಏಳೂವರೆ ಅಥವಾ ಎಂಟು ಅಡಿಯ 5 ನಂಬರ್. ಒಂದೇ ಒಂದು ಕೊಳ್ಳುವುದಾದರೆ ಏಳೂವರೆ ಅಡಿ, 5 ನಂಬರ್ ಕೊಳ್ಳಿ. ಈ ವಿಷಯದಲ್ಲಿ ನನಗೆ ಅನುಮಾನ ಇಲ್ಲ. ಒಂಬತ್ತು ಅಡಿಯ ಹಳೇ ರಾಡುಗಳು ಅಗ್ಗಕ್ಕೆ ಸಿಗುತ್ತವೆ. ಆದರೆ ಬಿದಿರು ಈಗಿನ ಗ್ರಾಫೈಟ್ (ಕಾರ್ಬನ್ ನಾರಿನ) ರಾಡಿಗಿಂತ ಭಾರ. ಅಷ್ಟುದ್ದದ್ದನ್ನು ಮೂರು ಗಂಟೆ ಬೀಸಿದರೆ ಮಣಿಕಟ್ಟು ಸೋತು ಹೋಗುತ್ತದೆ.

ಭಾರತದಲ್ಲಿರುವವರಿಗೆ ಹಿಮಾಚಲದ ತೀರ್ಥನ್, ಕಾಶ್ಮೀರದ ಲಿಡ್ಡರ್ ಹೊಳೆಗಳಲ್ಲಿ ಟ್ರೌಟ್ ಇದೆ. ಮೀನುಗಾರಿಕೆ ಇಲಾಖೆಯ ಪರವಾನಗಿ ತಗೊಂಡು ಹೋಗಬೇಕು. ಅಲ್ಲಿಗೂ 5 ನಂಬರ್ ಸರಿಹೋಗುತ್ತದೆ. ದೊಡ್ಡ ಮಹಶೀರ್ ಮೀನಿಗೆ ಮಾತ್ರ ಇಂಥ ರಾಡ್ ಒಡ್ಡಬೇಡಿ. ಅದರ ಎಳೆತವನ್ನು ಈ ತೆಳು ದಬ್ಬೆ ತಡೆಯುವುದಿಲ್ಲ.

ಹೆಜ್ಜೆ 2: ಬಿದಿರಿನ ಬಗ್ಗೆ ಇಷ್ಟು ತಿಳಿದಿರಲಿ

ಈಗಿನ ಒಳ್ಳೇ ರಾಡುಗಳೆಲ್ಲ ಹೆಚ್ಚುಕಮ್ಮಿ ಒಂದೇ ಜಾತಿಯ ಬಿದಿರಿನವು. ಚೀನಾದ ಗ್ವಾಂಗ್‌ಡಾಂಗ್ ಪ್ರಾಂತ್ಯದಲ್ಲಿ, ಸುಯಿ ನದಿಯ ಸುತ್ತಮುತ್ತ ಬೆಳೆಯುವ ಬಿದಿರು ಅದು. ವ್ಯಾಪಾರದಲ್ಲಿ ಟಾಂಕಿನ್ ಅನ್ನುತ್ತಾರೆ. ಅಮೆರಿಕದ ಸಸ್ಯವಿಜ್ಞಾನಿ ಎಫ್. ಎ. ಮೆಕ್‌ಕ್ಲೂರ್ 1931ರಲ್ಲಿ ಇದಕ್ಕೆ ಅರುಂಡಿನೇರಿಯಾ ಅಮಾಬಿಲಿಸ್ ಅಂತ ಹೆಸರಿಟ್ಟರು. ಅಮಾಬಿಲಿಸ್ ಅಂದರೆ ಲ್ಯಾಟಿನ್‌ನಲ್ಲಿ ಮುದ್ದಾದದ್ದು. ನೇರ ಬೆಳೆಯುತ್ತದೆ, ಗಿಣ್ಣು ಜಾಸ್ತಿ ಉಬ್ಬಿರುವುದಿಲ್ಲ, ಹೊರ ಮೈಯ ನಾರು ಗಟ್ಟಿ ಮತ್ತು ದಟ್ಟ.

ಅದಕ್ಕೂ ಮುಂಚೆ ಈ ಜಾಗದಲ್ಲಿ ಇದ್ದದ್ದು ನಮ್ಮ ಬಿದಿರು. ಹತ್ತೊಂಬತ್ತನೇ ಶತಮಾನದಲ್ಲಿ ಇಂಗ್ಲೆಂಡ್, ಅಮೆರಿಕದ ರಾಡುಗಳಿಗೆ ಬಿದಿರು ಹೋಗುತ್ತಿದ್ದುದು ಭಾರತದಿಂದ. ಕಲ್ಕತ್ತಾ ಬಂದರಿನಲ್ಲಿ ಹಡಗು ಹತ್ತುತ್ತಿದ್ದರಿಂದ ಅದಕ್ಕೆ ಕಲ್ಕತ್ತಾ ಕೇನ್ ಅಂತಲೇ ಹೆಸರು. ಗಂಡು ಬಿದಿರು ಅನ್ನುತ್ತೇವಲ್ಲ, ಅದೇ ಜಾತಿ. ಕರ್ನಾಟಕದ ಒಣ ಕಾಡುಗಳಲ್ಲಿ ಇವತ್ತೂ ಇದೆ. ಕಲ್ಕತ್ತಾ ಕೇನ್‌ನ ಮೈ ಮೇಲೆ ಸುಟ್ಟ ಕಪ್ಪು ಗುರುತುಗಳಿರುತ್ತಿದ್ದವು. ತುಂಬಾ ಹಳೇ ರಾಡಿನ ಮೇಲೆ ಅಂಥ ಗುರುತು ಕಂಡರೆ ನಾನು ಅದನ್ನು ಕೈಯಿಂದ ಬೇಗ ಕೆಳಗಿಡುವುದಿಲ್ಲ.

ಕೆಲಸದ ಕ್ರಮ ಹೀಗೆ. ಬಿದಿರನ್ನು ಉದ್ದಕ್ಕೆ ಸೀಳುತ್ತಾರೆ. ಮೇದಾರರು ಬುಟ್ಟಿಗೆ ಸೀಳುವುದನ್ನು ನೋಡಿದ್ದರೆ ನಿಮಗೆ ಆ ಸದ್ದು ನೆನಪಾಗುತ್ತದೆ. ಗಿಣ್ಣನ್ನು ಬಿಸಿ ಮಾಡಿ ಒತ್ತಿ ನೇರ ಮಾಡುತ್ತಾರೆ. ದಬ್ಬೆಗಳನ್ನು ಜೋಡಿಸುವಾಗ ಒಂದರ ಗಿಣ್ಣಿನ ಪಕ್ಕ ಇನ್ನೊಂದರ ಗಿಣ್ಣು ಬಾರದ ಹಾಗೆ ಹಿಂದೆ ಮುಂದೆ ಸರಿಸುತ್ತಾರೆ. ಆಮೇಲೆ 60 ಡಿಗ್ರಿಯ ತೋಡು ಇರುವ ಉಕ್ಕಿನ ಪಟ್ಟಿಯಲ್ಲಿ ದಬ್ಬೆ ಇಟ್ಟು ಉಜ್ಜುಗೊರಡು ಹೊಡೆಯುತ್ತಾರೆ. ಇಂಚಿನ ಸಾವಿರದ ಒಂದು ಭಾಗದ ಲೆಕ್ಕದಲ್ಲಿ ಅಳೆಯುತ್ತಾರೆ. ಹೊರ ಮೈಯ ಮೇಲಿನ ಹೊಳಪು ಪದರವನ್ನಷ್ಟೇ ಕೆರೆಯುತ್ತಾರೆ, ಅಲ್ಲಿಗೆ ಗೊರಡು ಹೋಗಬಾರದು, ಶಕ್ತಿಯೆಲ್ಲ ಆ ನಾರಿನಲ್ಲೇ ಇರುವುದು. ಎಷ್ಟು ದೂರಕ್ಕೆ ಎಷ್ಟು ತೆಳುವಾಗಬೇಕು ಅನ್ನುವ ಲೆಕ್ಕಕ್ಕೆ ಟೇಪರ್ ಅನ್ನುತ್ತಾರೆ. ಎರಡು ರಾಡ್ ಒಂದೇ ಉದ್ದ, ಒಂದೇ ನಂಬರ್ ಇದ್ದರೂ ಕೈಯಲ್ಲಿ ಬೇರೆ ಬೇರೆ ಅನಿಸುವುದು ಈ ಟೇಪರ್‌ನಿಂದ.

ಹೆಜ್ಜೆ 3: ಹಳೆಯದೋ, ಹೊಸದೋ

ಅಮೆರಿಕದಲ್ಲಿ ಈ ಕಸುಬು ಶುರುವಾದದ್ದು 1840ರ ದಶಕದಲ್ಲಿ. ಪೆನ್ಸಿಲ್ವೇನಿಯಾದ ಈಸ್ಟನ್ ಊರಿನ ಬಂದೂಕು ತಯಾರಕ ಸ್ಯಾಮ್ಯುಯೆಲ್ ಫಿಲಿಪ್ ಬಿದಿರನ್ನು ಸೀಳಿ ಅಂಟಿಸಿ ರಾಡ್ ಮಾಡಿದರು. ಅದನ್ನು ದೊಡ್ಡ ಉದ್ಯಮ ಮಾಡಿದವರು ಹೈರಮ್ ಲೆನಾರ್ಡ್. ಅವರ ಅಂಗಡಿ 1881ರಲ್ಲಿ ಮೇನ್ ರಾಜ್ಯದ ಬ್ಯಾಂಗರ್‌ನಿಂದ ನ್ಯೂಯಾರ್ಕ್‌ನ ಸೆಂಟ್ರಲ್ ವ್ಯಾಲಿಗೆ ಬಂತು. ಎಡ್ವರ್ಡ್ ಪೇನ್, ಎಫ್. ಇ. ಥಾಮಸ್, ಯೂಸ್ಟಿಸ್ ಎಡ್ವರ್ಡ್ಸ್ ಎಲ್ಲ ಅಲ್ಲಿ ಕೆಲಸ ಮಾಡಿ ಆಮೇಲೆ ತಮ್ಮದೇ ಹೆಸರು ಮಾಡಿದವರು. ಪೇನ್ ಅವರ ಮಗ ಜಿಮ್ ಪೇನ್, ಎಂಜಿನಿಯರ್ ಎವರೆಟ್ ಗ್ಯಾರಿಸನ್, ಡೆಟ್ರಾಯಿಟ್‌ನ ಪಾಲ್ ಯಂಗ್, ಮಿಶಿಗನ್‌ನ ಲೈಲ್ ಡಿಕರ್ಸನ್, ಇವರ ರಾಡುಗಳಿಗೆ ಇವತ್ತು ಸಂಗ್ರಹಕಾರರು ತುಂಬಾ ಬೆಲೆ ಕೊಡುತ್ತಾರೆ. ಮೊದಲ ರಾಡಿಗೆ ಆ ಕಡೆ ಹೋಗಬೇಡಿ.

ಹಳೇದರಲ್ಲಿ ಇನ್ನೊಂದು ಸಾಲು ಇದೆ. ಡೆನ್ವರ್‌ನ ಗ್ರೇಂಜರ್, ಡೋವಾಜಿಯಾಕ್‌ನ ಹೆಡನ್, ಸೌತ್ ಬೆಂಡ್, ಮಾಂಟೆಗ್ಯೂ ಇವೆಲ್ಲ ಕಾರ್ಖಾನೆಯಲ್ಲಿ ಹೆಚ್ಚು ಸಂಖ್ಯೆಯಲ್ಲಿ ಮಾಡಿದವು. ಎಲ್ಲವೂ ಒಂದೇ ಮಟ್ಟದವಲ್ಲ. ಆದರೆ ಒಳ್ಳೇ ಗ್ರೇಂಜರ್ ಅಥವಾ ಹೆಡನ್ ಸಿಕ್ಕರೆ ಕಲಿಯಲು ಅದಕ್ಕಿಂತ ಬೇರೆ ಬೇಕಿಲ್ಲ. ಆರ್ವಿಸ್ ಕಂಪನಿಯ ಹಳೇ ರಾಡುಗಳಲ್ಲಿ ಒಂದು ಅನುಕೂಲ: 1940ರ ದಶಕದಿಂದ ಅವರು ಬಿದಿರಿನೊಳಗೇ ಬೇಕಲೈಟ್ ರಾಳ ಇಳಿಸಿದ ರಾಡ್ ಮಾಡಿದರು. ಅದಕ್ಕೆ ವಾರ್ನಿಷ್ ಬೇಡ, ನೀರಿಗೆ ಅಷ್ಟಾಗಿ ಅಂಜುವುದಿಲ್ಲ.

1950ರಲ್ಲಿ ಅಮೆರಿಕ ಚೀನಾದ ವ್ಯಾಪಾರ ನಿಲ್ಲಿಸಿತು. ಟಾಂಕಿನ್ ಬರುವುದು ನಿಂತಿತು. ಅದೇ ಹೊತ್ತಿಗೆ ಫೈಬರ್‌ಗ್ಲಾಸ್ ಬಂದಿತ್ತು, 1970ರ ದಶಕದಲ್ಲಿ ಗ್ರಾಫೈಟ್ ಬಂತು. ಕಾರ್ಖಾನೆಗಳು ಬಿದಿರನ್ನು ಬಿಟ್ಟವು. ಕಸುಬು ಉಳಿದದ್ದು ಕೆಲವರ ಕೈಯಲ್ಲಿ ಮಾತ್ರ. ಗ್ಯಾರಿಸನ್ ಅವರ ವಿಧಾನ 1977ರಲ್ಲಿ ಪುಸ್ತಕವಾಗಿ ಬಂದ ಮೇಲೆ ಮನೆಯ ಗ್ಯಾರೇಜಿನಲ್ಲೇ ಕಲಿತು ಮಾಡುವವರು ಹುಟ್ಟಿಕೊಂಡರು. ಈಗ ಹೊಸ ರಾಡ್ ಮಾಡಿಕೊಡುವವರಲ್ಲಿ ಬಹಳ ಜನ ಆ ದಾರಿಯಲ್ಲಿ ಬಂದವರು. ಲಿವಿಂಗ್‌ಸ್ಟನ್ ಮ್ಯಾನರ್ ಊರಿನ ಫ್ಲೈ ಫಿಶಿಂಗ್ ಮ್ಯೂಸಿಯಂನಲ್ಲಿ ರಾಡ್ ಮಾಡುವವರು ಸೇರುತ್ತಾರೆ. ಅಂಥ ಕಡೆ ಹೋದರೆ ಒಂದೇ ದಿನದಲ್ಲಿ ಹಲವಾರು ರಾಡ್ ಬೀಸಿ ನೋಡಬಹುದು. ಕೊಳ್ಳುವ ಮುಂಚೆ ಈ ಒಂದು ದಿನ ಖಂಡಿತ ಕೊಡಿ.

ಹೆಜ್ಜೆ 4: ಹಳೇ ರಾಡನ್ನು ನೋಡುವ ಕ್ರಮ

ನನ್ನ ಮೊದಲ ಬಿದಿರು ರಾಡ್ ಒಂದು ಹಳೇ ಸಾಮಾನಿನ ಅಂಗಡಿಯದು. ವಾರ್ನಿಷ್ ಫಳಫಳ ಹೊಳೆಯುತ್ತಿತ್ತು. ಮನೆಗೆ ಬಂದು ಅಳೆದರೆ ಒಂದು ಟಿಪ್, ಅಂದರೆ ರಾಡಿನ ತುದಿಯ ತುಂಡು, ಮೂರು ಇಂಚು ಮೋಟು. ಯಾವಾಗಲೋ ಮುರಿದಿದ್ದನ್ನು ಕತ್ತರಿಸಿ, ತುದಿಗೆ ಲೈನ್ ಹಾಯುವ ಹೊಸ ಉಂಗುರ ಹಾಕಿದ್ದರು. ಬೀಸಿದರೆ ತುದಿ ಬಾಗುವುದೇ ಇಲ್ಲ. ಅವತ್ತಿನಿಂದ ನಾನು ಅಳತೆ ಟೇಪ್ ಜೇಬಿನಲ್ಲಿ ಇಟ್ಟುಕೊಂಡೇ ಹೋಗುತ್ತೇನೆ.

ಹಾಗಾಗಿ ಮೊದಲು ಅಳತೆ. ಎರಡು ಟಿಪ್ ಇದ್ದರೆ ಎರಡನ್ನೂ ಪಕ್ಕ ಪಕ್ಕ ನಿಲ್ಲಿಸಿ. ಒಂದೇ ಸಮ ಇರಬೇಕು. ಮಾರುವವರು 7 ಅಡಿ 6 ಇಂಚು, 2/2 ಅಂತ ಬರೆದಿದ್ದರೆ ಎರಡು ತುಂಡಿನ ರಾಡ್, ಎರಡು ಟಿಪ್ ಅಂತ ಅರ್ಥ.

ಆಮೇಲೆ ಪ್ರತಿ ತುಂಡನ್ನೂ ಕಣ್ಣಿನ ಮಟ್ಟಕ್ಕೆ ಹಿಡಿದು, ಒಂದು ಕಣ್ಣು ಮುಚ್ಚಿ, ನಿಧಾನ ತಿರುಗಿಸುತ್ತಾ ನೋಡಿ. ಬಡಗಿ ಹಲಗೆ ನೋಡುವ ಹಾಗೆ. ಉದ್ದಕ್ಕೂ ಸ್ವಲ್ಪ ಬಾಗಿದ್ದರೆ ಚಿಂತೆಯಿಲ್ಲ, ತಿಳಿದವರು ಹದವಾದ ಶಾಖ ಕೊಟ್ಟು ನೇರ ಮಾಡುತ್ತಾರೆ. ಒಂದೇ ಜಾಗದಲ್ಲಿ ಚಕ್ಕನೆ ಡೊಂಕು ಇದ್ದರೆ ಅಲ್ಲಿ ನಾರು ಹರಿದಿರಬಹುದು. ಬಿಟ್ಟುಬಿಡಿ.

ಮೂರನೆಯದು ಅಂಟು. ಆರು ದಬ್ಬೆ ಸೇರುವ ಗೆರೆಗಳ ಮೇಲೆ ಉಗುರು ಹಾಯಿಸಿ. ಎಲ್ಲಾದರೂ ಉಗುರು ಸಿಕ್ಕಿದರೆ, ಕಪ್ಪು ಗೆರೆ ಕಂಡರೆ, ಮೆಲ್ಲಗೆ ಅಲುಗಿಸಿದಾಗ ಒಣ ಟಿಕ್ ಟಿಕ್ ಸದ್ದು ಬಂದರೆ ಅಂಟು ಬಿಟ್ಟಿದೆ.

ಫೆರೂಲ್ ಮೇಲೆ ಜಾಸ್ತಿ ಹೊತ್ತು ಕಳೆಯಿರಿ. ಎರಡು ತುಂಡು ಸೇರುವ ಲೋಹದ ಕೊಳವೆ ಅದು. ಒಳ್ಳೇದು ನಿಕ್ಕಲ್ ಸಿಲ್ವರ್‌ನದು. ಹೆಸರಲ್ಲಿ ಬೆಳ್ಳಿ ಇದ್ದರೂ ಅದು ತಾಮ್ರ, ನಿಕ್ಕಲ್, ಸತುವಿನ ಮಿಶ್ರಣ. ಸೇರಿಸುವಾಗ ಒಂದೇ ಬಿಗಿಯಲ್ಲಿ ಜಾರಿ ಕೂರಬೇಕು, ಎಳೆದಾಗ ‘ಟಪ್’ ಅಂತ ಬಿಡಬೇಕು. ಜೋಡಿಸಿ ಗಾಳಿಯಲ್ಲಿ ಮೆಲ್ಲಗೆ ಬೀಸಿ, ಹೆಬ್ಬೆರಳನ್ನು ಸೇರಿದ ಜಾಗದ ಮೇಲಿಡಿ. ಸಡಿಲ ಇದ್ದರೆ ಬೆರಳಿಗೆ ಗೊತ್ತಾಗುತ್ತದೆ. ಇದರ ಅಳತೆಯನ್ನು ಇಂಚಿನ 64ನೇ ಭಾಗದಲ್ಲಿ ಹೇಳುತ್ತಾರೆ. ಡಿಕರ್ಸನ್ ರಾಡಿನ ಮಾದರಿ ಸಂಖ್ಯೆ ಓದಲು ಬರುವುದೂ ಇದರಿಂದಲೇ: 7613 ಅಂದರೆ 7 ಅಡಿ 6 ಇಂಚು, 13/64 ಇಂಚಿನ ಫೆರೂಲ್.

ಕೊನೆಗೆ ಚೆಂದ. ರೇಷ್ಮೆ ದಾರದ ಸುತ್ತು, ವಾರ್ನಿಷ್, ಹಿಡಿಕೆಯ ಕಾರ್ಕ್, ಬಟ್ (ಬುಡದ ತುಂಡು) ಮೇಲಿನ ಕೈಬರಹ, ಬಟ್ಟೆ ಚೀಲ, ರಾಡ್ ಇಡುವ ಕೊಳವೆ. ಸಂಗ್ರಹಕ್ಕೆ ಕೊಳ್ಳುವವರಿಗೆ ಮೂಲ ವಾರ್ನಿಷ್ ಮುಖ್ಯ, ಹೊಸದಾಗಿ ಬಳಿದಿದ್ದರೆ ಬೆಲೆ ಇಳಿಯುತ್ತದೆ. ಹೊಳೆಗೆ ಒಯ್ಯುವವರಿಗೆ ಅದರಿಂದ ಲಾಭ. ಒಳ್ಳೇ ಕೈ ಬಳಿದಿದ್ದರೆ ಕಡಿಮೆ ಬೆಲೆಗೆ ಗಟ್ಟಿ ರಾಡ್ ಸಿಗುತ್ತದೆ.

ಹೆಜ್ಜೆ 5: ಹೊಸದು ಮಾಡಿಸುವುದಾದರೆ

ಬೆಲೆ ಸಾಮಾನ್ಯವಾಗಿ ಸಾವಿರ ಡಾಲರ್ ದಾಟುತ್ತದೆ. ಹೆಸರಾದವರ ಬಳಿ ವರ್ಷಗಟ್ಟಲೆ ಕಾಯಬೇಕು. ಕಾದರೆ ಮೋಸವಿಲ್ಲ ಅಂತ ನನ್ನ ಅನುಭವ.

ನನ್ನ ರಾಡ್ ಮಾಡಿಕೊಟ್ಟವರು ಎಪ್ಪತ್ತು ದಾಟಿದ ಹಿರಿಯರು. ಮೊದಲ ಸಲ ಹೋದಾಗ ಮರದ ಬಣ್ಣ, ದಾರದ ಬಣ್ಣ ಏನೂ ಕೇಳಲಿಲ್ಲ. ಒಂದು ರಾಡ್ ಕೈಗೆ ಕೊಟ್ಟು, ‘ಹುಲ್ಲಿನ ಮೇಲೆ ಬೀಸಿ ನೋಡೋಣ’ ಅಂದರು. ತಾವು ಪಕ್ಕದಲ್ಲಿ ನಿಂತು ಲೈನ್ ನೋಡಲಿಲ್ಲ, ನನ್ನ ಮಣಿಕಟ್ಟು ನೋಡುತ್ತಿದ್ದರು. ಹತ್ತು ನಿಮಿಷ ಆದ ಮೇಲೆ ರಾಡ್ ಬದಲಿಸಿದರು. ಮತ್ತೆ ಬದಲಿಸಿದರು. ನಾಲ್ಕನೆಯದರಲ್ಲಿ ಲೈನ್ ಸದ್ದಿಲ್ಲದೆ ಬಿಚ್ಚಿಕೊಂಡು ಹೋಯಿತು. ‘ನಿಮಗೆ ಇದು. ಲೈನ್ ಹಿಂದಕ್ಕೆ ಹೋದಾಗ ಕಾಯುವ ಕೈ ನಿಮ್ಮದು’ ಅಂದರು. ಅದು ಏಳೂವರೆ ಅಡಿಯ, ಮಧ್ಯದವರೆಗೂ ಬಾಗುವ ಟೇಪರ್. ನಾನು ಕೇಳಬೇಕು ಅಂತ ಬರೆದುಕೊಂಡು ಹೋಗಿದ್ದು ಬೇರೆಯೇ ಇತ್ತು. ಚೀಟಿಯನ್ನು ಜೇಬಿನಿಂದ ತೆಗೆಯಲೇ ಇಲ್ಲ.

ನೀವೂ ಹೀಗೆ ಬೀಸಿ ನೋಡಲು ಬಿಡುವವರ ಬಳಿಯೇ ಮಾಡಿಸಿ. ದೂರದವರಾದರೆ, ನೀವು ಯಾವ ಹೊಳೆಗೆ ಹೋಗುತ್ತೀರಿ, ಸಾಮಾನ್ಯವಾಗಿ ಎಷ್ಟು ದೂರ ಬೀಸುತ್ತೀರಿ, ಈಗ ಯಾವ ರಾಡ್ ಇಷ್ಟ ಅಂತ ಬರೆದು ಕಳಿಸಿ. ಎರಡು ಟಿಪ್ ಕೇಳಿ. ಒಂದು ಮುರಿದರೂ ಆ ವರ್ಷ ಹೊಳೆ ತಪ್ಪುವುದಿಲ್ಲ. ಮುಂಗಡ ಎಷ್ಟು, ಯಾವಾಗ ಕೈಗೆ ಸಿಗುತ್ತದೆ, ಮುರಿದರೆ ರಿಪೇರಿ ಯಾರದು, ಇಷ್ಟನ್ನು ಬರವಣಿಗೆಯಲ್ಲಿ ಇಟ್ಟುಕೊಳ್ಳಿ.

ಹೆಜ್ಜೆ 6: ಲೈನ್

ಡಬಲ್ ಟೇಪರ್ ಲೈನ್, ಅಂದರೆ ಎರಡೂ ತುದಿಗೆ ತೆಳುವಾಗುವ ಲೈನ್ ತಗೊಳ್ಳಿ. ಬಿದಿರಿಗೆ ಅದೇ ಚೆನ್ನ. ಹಳೇ ರಾಡಿನ ಮೇಲೆ ನಂಬರ್ ಬದಲು ಅಕ್ಷರ ಇರಬಹುದು. ಅದು ರೇಷ್ಮೆ ಲೈನಿನ ಕಾಲದ ಲೆಕ್ಕ. ಎಚ್‌ಇಎಚ್ ಅಂದರೆ ಸುಮಾರು 4, ಎಚ್‌ಡಿಎಚ್ 5, ಎಚ್‌ಸಿಎಚ್ 6. ಅನುಮಾನ ಬಂದರೆ ಒಂದು ನಂಬರ್ ಹಗುರದಿಂದ ಶುರು ಮಾಡಿ.

ಹೆಜ್ಜೆ 7: ಜೋಡಿಸುವುದು, ಬೀಸುವುದು

ಫೆರೂಲ್ ಹತ್ತಿರ ಎರಡೂ ಕೈ ಹಿಡಿದು, ನೇರ ಒತ್ತಿ. ತಿರುಚಬಾರದು. ತಿರುಚಿದರೆ ಆ ಬಲ ಬಿದಿರಿನ ಅಂಟಿಗೆ ಹೋಗುತ್ತದೆ. ಲೈನನ್ನು ಮಡಚಿ ಉಂಗುರಗಳಲ್ಲಿ ಪೋಣಿಸಿ. ತುದಿಯಿಂದ ಹೊರಗೆ ಎಳೆಯುವಾಗ ರಾಡಿನ ನೇರಕ್ಕೇ ಎಳೆಯಿರಿ. ತುದಿಯನ್ನು ಬಿಲ್ಲಿನ ಹಾಗೆ ಬಗ್ಗಿಸಿ ಎಳೆದು ಮುರಿದುಕೊಂಡವರನ್ನು ನೋಡಿದ್ದೇನೆ.

ಬೀಸುವಾಗ ಗ್ರಾಫೈಟ್ ಅಭ್ಯಾಸ ಇದ್ದವರು ಅವಸರ ಮಾಡುತ್ತಾರೆ. ಬಿದಿರು ನಿಧಾನ. ಲೈನ್ ಹಿಂದಕ್ಕೆ ಹೋದ ಮೇಲೆ ಅದು ಪೂರ್ತಿ ಚಾಚಿಕೊಳ್ಳುವವರೆಗೆ ಕಾಯಿರಿ, ಆಗ ಕೈಗೆ ಸಣ್ಣದೊಂದು ಎಳೆತ ಗೊತ್ತಾಗುತ್ತದೆ. ಅದು ಬಂದ ಮೇಲೆ ಮುಂದಕ್ಕೆ. ಮೊದಮೊದಲು ತಲೆ ತಿರುಗಿಸಿ ಹಿಂದಿನ ಲೈನ್ ನೋಡುತ್ತಾ ಬೀಸಿ. ಹುಲ್ಲಿನ ಮೇಲೆ, ಕೊಕ್ಕೆ ಬದಲು ಉಣ್ಣೆ ದಾರದ ತುಣುಕು ಕಟ್ಟಿ, ದಿನಾ ಕಾಲು ಗಂಟೆ ಸಾಕು. ಇಪ್ಪತ್ತೈದರಿಂದ ನಲವತ್ತು ಅಡಿ ದೂರ ಬಿದಿರಿನ ಮನೆ ಅಂಗಳ. ಅರವತ್ತು ಅಡಿಗೆ ಹಟ ಮಾಡಬೇಡಿ.

ಸೀಸದ ಗುಂಡು, ಲೋಹದ ಮಣಿ ಇರುವ ಭಾರದ ಫ್ಲೈ ಬಿದಿರಿಗೆ ಬೇಡ. ಬೀಸುವಾಗ ರಾಡಿಗೆ ತಾಗಿದರೆ ನಾರು ಒಡೆಯುತ್ತದೆ. ತೇಲುವ ಫ್ಲೈ ಇದರ ನಿಜವಾದ ಕೆಲಸ. ಏಪ್ರಿಲ್ ಕೊನೆಗೆ ಬೀವರ್‌ಕಿಲ್‌ನಲ್ಲಿ ಹೆಂಡ್ರಿಕ್ಸನ್ ಹುಳುಗಳು ಮಧ್ಯಾಹ್ನ ನೀರಿನಿಂದ ಏಳುತ್ತವೆ. ಆಗ ಏಳೂವರೆ ಅಡಿಯ ಬಿದಿರಿನಲ್ಲಿ ಅದೇ ಬಣ್ಣದ ಫ್ಲೈ ಮೆತ್ತಗೆ ಇಳಿಸಿ ನೋಡಿ.

ಹೆಜ್ಜೆ 8: ಮೀನು ಕಚ್ಚಿದಾಗ

ರಾಡನ್ನು ತಲೆ ಮೇಲೆ ನೆಟ್ಟಗೆ ಎತ್ತಬೇಡಿ. ಮೀನು ಕಾಲ ಬಳಿ ಬಂದಾಗ ಎತ್ತಿ ಹಿಡಿದು ಲೈನಿಗೆ ಕೈ ಚಾಚುತ್ತಾರಲ್ಲ, ಟಿಪ್ ಮುರಿಯುವುದು ಹೆಚ್ಚಾಗಿ ಆವಾಗಲೇ. ರಾಡನ್ನು ಪಕ್ಕಕ್ಕೆ ಓರೆ ಹಿಡಿದು, ಬಲವೆಲ್ಲ ಬುಡಕ್ಕೆ ಬರುವ ಹಾಗೆ ನೋಡಿಕೊಳ್ಳಿ. ಬಲೆಯ ಹಿಡಿ ಉದ್ದ ಇರಲಿ. ದೊಡ್ಡ ಮೀನಾದರೆ ಮಧ್ಯದಲ್ಲಿ ರಾಡನ್ನು ತಿರುವಿ ಉಂಗುರ ಮೇಲೆ ಬರುವ ಹಾಗೆ ಹಿಡಿಯಿರಿ. ಒಂದೇ ಕಡೆ ಬಾಗಿ ಬಾಗಿ ಡೊಂಕು ನಿಲ್ಲುವುದು ಹೀಗೆ ತಪ್ಪುತ್ತದೆ.

ಫ್ಲೈ ಕೊಂಬೆಗೆ ಸಿಕ್ಕಿದರೆ ರಾಡಿನಿಂದ ಎಳೆಯಬಾರದು. ರಾಡನ್ನು ಕೊಂಬೆಯ ನೇರಕ್ಕೆ ಹಿಡಿದು ಲೈನ್ ಮಾತ್ರ ಎಳೆಯಿರಿ. ಪೊದೆಯೊಳಗೆ ನಡೆಯುವಾಗ ಬುಡ ಮುಂದೆ, ತುದಿ ಹಿಂದೆ.

ಕೊಕ್ಕೆಯ ಮುಳ್ಳನ್ನು ಇಕ್ಕಳದಿಂದ ಒತ್ತಿ ಮಟ್ಟ ಮಾಡಿ. ನೀರು 20 ಡಿಗ್ರಿ ಸೆಲ್ಸಿಯಸ್ ದಾಟಿದ ದಿನ ಟ್ರೌಟ್ ತಂಟೆಗೆ ಹೋಗಬೇಡಿ. ಬಿಟ್ಟರೂ ಅವು ಬದುಕುವುದು ಕಷ್ಟ.

ಹೆಜ್ಜೆ 9: ಮನೆಗೆ ಬಂದ ಮೇಲೆ

ಫೆರೂಲ್ ಬಿಚ್ಚುವಾಗಲೂ ನೇರ ಎಳೆತ. ಬಿಡದಿದ್ದರೆ ರಾಡನ್ನು ಮೊಣಕಾಲುಗಳ ಹಿಂದೆ ಹಿಡಿದು, ಕಾಲು ಅಗಲಿಸುತ್ತಾ ಎಳೆಯಿರಿ. ಆಗಲೂ ಬಿಡದಿದ್ದರೆ ಇನ್ನೊಬ್ಬರನ್ನು ಕರೆಯಿರಿ, ಇಬ್ಬರೂ ಎರಡು ಕಡೆಯೂ ಒಂದೊಂದು ಕೈ ಹಾಕಿ. ಇಕ್ಕಳ ಹಾಕಬೇಡಿ. ಆಮೇಲೆ ಸ್ಪಿರಿಟ್ ಹಚ್ಚಿದ ಬಟ್ಟೆಯಿಂದ ಲೋಹ ಒರೆಸಿ. ಎಣ್ಣೆ ಬೇಡ, ಧೂಳು ಹಿಡಿಯುತ್ತದೆ.

ಒದ್ದೆ ರಾಡನ್ನು ಕೊಳವೆಯೊಳಗೆ ಹಾಕಿ ಮುಚ್ಚಳ ತಿರುಗಿಸುವುದು ಎಲ್ಲಕ್ಕಿಂತ ದೊಡ್ಡ ತಪ್ಪು. ಒಂದೇ ವಾರದಲ್ಲಿ ವಾರ್ನಿಷ್ ಗುಳ್ಳೆ ಏಳಬಹುದು, ಬೂಸ್ಟು ಹಿಡಿಯಬಹುದು. ಒರೆಸಿ, ಒಣ ಬಟ್ಟೆ ಚೀಲದಲ್ಲಿ ಹಾಕಿ, ಚೀಲದ ದಾರವನ್ನು ಮೊಳೆಗೆ ನೇತು ಹಾಕಿ ಒಂದು ರಾತ್ರಿ ಬಿಡಿ. ಮೂಲೆಗೆ ಒರಗಿಸಿ ಇಡಬೇಡಿ, ಬಾಗುತ್ತದೆ. ಬೇಸಿಗೆಯಲ್ಲಿ ಕಾರಿನೊಳಗೆ ಬಿಡಬೇಡಿ, ಹಳೇ ಅಂಟಿಗೆ ಆ ಶಾಖ ಆಗದು.

ಹೆಜ್ಜೆ 10: ಎರಡನೆಯದು, ಮೂರನೆಯದು

ಮೊದಲ ರಾಡಿನೊಂದಿಗೆ ಎರಡು ಋತು ಕಳೆಯಿರಿ. ಆಗ ಎರಡನೆಯದು ಯಾವುದು ಬೇಕು ಅಂತ ಕೈಗೇ ಗೊತ್ತಾಗುತ್ತದೆ. ಒಬ್ಬರು ನಲವತ್ತು ರಾಡ್ ಇಟ್ಟಿದ್ದಾರೆ, ಒಂದೂ ನೀರು ಕಂಡಿಲ್ಲ. ನನಗೆ ಅದು ನೋಡಲು ಸಂಕಟ. ಪ್ರತಿ ರಾಡನ್ನೂ ಅದನ್ನು ಮಾಡಿದವರೊಬ್ಬರು ಲೈನ್ ಕಟ್ಟಿ ಬೀಸಿ ನೋಡಿ, ಸರಿ ಅನಿಸಿದ ಮೇಲೆ ಹೆಸರು ಬರೆದು ಕಳಿಸಿದ್ದಲ್ಲವಾ?

ನನ್ನ ಬಳಿ ಮೂರು ಇವೆ. ಒಂದೊಂದಕ್ಕೂ ಒಂದು ನೋಟ್‌ಬುಕ್ ಪುಟ: ಎಲ್ಲಿಂದ ಬಂತು, ಎಷ್ಟು ಕೊಟ್ಟೆ, ಯಾವ ಉಂಗುರ ಬದಲಿಸಿದೆ, ಯಾವ ದಿನ ಯಾವ ಟಿಪ್ ಹಾಕಿದೆ. ಎರಡು ಟಿಪ್‌ಗಳನ್ನು ಸರದಿಯಲ್ಲಿ ಬಳಸಲು ಇದು ಬೇಕೇ ಬೇಕು. ಬಟ್ಟೆ ಚೀಲದ ಬಾಯಿಗೆ ಒಂದು ಕೆಂಪು ದಾರ ಕಟ್ಟಿದ್ದೇನೆ. ದಾರ ಎಡಗಡೆ ಇದ್ದರೆ ಕಳೆದ ಸಲ ಎಡಗಡೆಯ ಟಿಪ್ ಹೊಳೆಗೆ ಹೋಗಿತ್ತು, ಈ ಸಲ ಬಲಗಡೆಯದರ ಸರದಿ.